ಕೈಚೆಲ್ಲಿದವರು, ಎದೆಗುಂದಿದವರು ಮತ್ತು ಕಲ್ಯಾಣಪ್ಪನ ಕಾಟಕಾಯಿ

ಕಳೆದ ತಿಂಗಳು ಒಂದು ಭಾನುವಾರ ಅಪ್ಪನಿಗೆ ಫೋನ್ ಮಾಡಿದ್ದೆ. ಮಳೆ, ದನ, ಪಕ್ಕದ ಮನೆಯ ಮದುವೆ ಎಲ್ಲ ಮುಗಿದ ಮೇಲೆ ತೋಟದ ವಿಷಯ ಬಂತು. ನಮ್ಮದು ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ದಾರಿಯಿಂದ ಒಳಗೆ ಸಿಗುವ ಒಂದು ಸಣ್ಣ ಊರು. ಕೆಳಗಿನ ತೋಟಕ್ಕೆ ಹಳದಿ ಎಲೆ ರೋಗ ಹೊಕ್ಕಿ ಆರೇಳು ವರ್ಷ ಆಯಿತು.

"ಈ ಸಲ ಮದ್ದು ಬಿಡುವವರು ಸಿಕ್ಕಿದ್ರಾ ಅಪ್ಪ?" ಅಂತ ಕೇಳಿದೆ.

"ಮೇಲಿನ ತೋಟಕ್ಕೆ ಸಿಕ್ಕಿದ್ರು. ಕೆಳಗಿನದ್ದಕ್ಕೆ ನಾನು ಹೇಳ್ಲೇ ಇಲ್ಲ. ಇನ್ನು ಅಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ?"

ಅಷ್ಟೇ. ದನಿಯಲ್ಲಿ ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಕರೆಂಟು ಹೋಗಿದೆ ಅಂತ ಹೇಳುವ ಹಾಗೆ ಹೇಳಿದರು. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಕೂತು ಯೋಚಿಸಿದೆ, ಇದಕ್ಕೆ ಏನನ್ನಬೇಕು? ನಿರಾಶೆಯೇ? ಹತಾಶೆಯೇ? ಬೇಜಾರೇ? ನಮ್ಮ ಆಫೀಸಿನಲ್ಲಾದರೆ ಸುಲಭ. ಸರಿಪಡಿಸಲಾಗದ ಬಗ್ ಸಿಕ್ಕಿದರೆ ಟಿಕೆಟ್ಟಿನ ಮೇಲೆ 'ವೋಂಟ್ ಫಿಕ್ಸ್' ಅಂತ ಹಾಕಿ ಮುಚ್ಚಿಬಿಡುತ್ತೇವೆ. ಅಪ್ಪ ಕೆಳಗಿನ ತೋಟವನ್ನು ಹಾಗೆ ಮುಚ್ಚಿಬಿಟ್ಟರೇ?

ಅವತ್ತಿನಿಂದ ತಲೆಯಲ್ಲಿ ಹುಳ ಹೊಕ್ಕಿದೆ. ಆಸೆ ಕಳೆದುಕೊಳ್ಳುವುದಕ್ಕೆ ಕನ್ನಡದಲ್ಲಿ ಎಷ್ಟು ಪದ? ನಮ್ಮ ಊರಿನವರು ಹಿಂದೆ ಯಾವಾಗೆಲ್ಲ ಆಸೆ ಕಳೆದುಕೊಂಡಿದ್ದರು? ಆಗ ಅದನ್ನು ಏನೆಂದು ಕರೆದರು? ಭಾಷಾವಿಜ್ಞಾನವಾಗಲಿ ಇತಿಹಾಸವಾಗಲಿ ಓದಿದವನಲ್ಲ ನಾನು, ಇಂಜಿನಿಯರಿಂಗ್ ಓದಿದವನು. ತಪ್ಪಿದ್ದರೆ ತಿದ್ದಿ.

ಮೊದಲು ಪದಗಳು

ಕಿಟೆಲ್ ಸಾಹೇಬರ ಕನ್ನಡ ನಿಘಂಟು 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಶನ್ನಿನಿಂದಲೇ ಹೊರಬಂದದ್ದು. ಪುತ್ತೂರಿನಲ್ಲಿ ದಶಕಗಟ್ಟಲೆ ಕೂತು ಬರೆದ ಶಿವರಾಮ ಕಾರಂತರೂ ಕಾದಂಬರಿಗಳ ನಡುವೆ 'ಸಿರಿಗನ್ನಡ ಅರ್ಥಕೋಶ' ಅಂತ ಒಂದು ನಿಘಂಟು ಮಾಡಿದರು. ಅಂದರೆ ಪದ ಹುಡುಕುವ ಚಟ ನಮ್ಮ ಸೀಮೆಗೆ ಹೊಸತಲ್ಲ :)

ನಿರಾಶೆ ಮತ್ತು ಹತಾಶೆ ಎರಡೂ ಸಂಸ್ಕೃತದಿಂದ ಬಂದವು. ಪತ್ರಿಕೆಗಳು ಎರಡನ್ನೂ ಒಂದೇ ಎಂಬಂತೆ ಬಳಸುತ್ತವೆ. ಆದರೆ ಬಿಡಿಸಿ ನೋಡಿದರೆ ಬೇರೆ ಬೇರೆ. ನಿರಾಶೆಯಲ್ಲಿ ಆಸೆ ಇಲ್ಲ, ಅಷ್ಟೆ. ಹತಾಶೆಯಲ್ಲಿ ಆಸೆ 'ಹತ'ವಾಗಿದೆ, ಯಾರೋ ಕೊಂದಿದ್ದಾರೆ. ಬಸ್ಸು ಸಿಗದಿದ್ದರೆ ನಿರಾಶೆ. ವರ್ಷಗಟ್ಟಲೆ ಕಾದ ಬಸ್ಸಿನ ರೂಟನ್ನೇ ರದ್ದು ಮಾಡಿದರೆ ಹತಾಶೆ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಸಂಸ್ಕೃತದ 'ಆಶಾ' ಎಂಬ ಪದಕ್ಕೆ ನಿಘಂಟುಗಳು ಎರಡು ಅರ್ಥ ಕೊಡುತ್ತವೆ. ಒಂದು ಹಾರೈಕೆ, ಇನ್ನೊಂದು ದಿಕ್ಕು. ಪೂರ್ವ ಪಶ್ಚಿಮ ಅನ್ನುತ್ತೇವಲ್ಲ, ಆ ದಿಕ್ಕು. ಕನ್ನಡಕ್ಕೆ ಬರುವಾಗ ದಿಕ್ಕಿನ ಅರ್ಥ ದಾರಿಯಲ್ಲೇ ಉದುರಿಹೋಯಿತು. ಆದರೆ ಆಸೆ ಹೋದವನನ್ನು ನಾವು ಹೇಳುವುದು ಹೇಗೆ? "ದಿಕ್ಕೇ ತೋಚದೆ ಕೂತಿದ್ದಾನೆ", "ದಿಕ್ಕೆಟ್ಟು ಹೋದರು" ಅಂತಲೇ!

ಕನ್ನಡದ 'ಆಸೆ' ಮಾತ್ರ ಪಾಪ, ಸ್ವಲ್ಪ ಕೆಟ್ಟ ಹೆಸರು ತಕ್ಕೊಂಡಿದೆ. ದುರಾಸೆ, ಆಸೆಬುರುಕ, ಅತಿಯಾಸೆ ಅಂತೆಲ್ಲ ಬೈಗುಳವೇ ಜಾಸ್ತಿ. ಹಾಗಾಗಿ ಒಳ್ಳೆಯ ಅರ್ಥಕ್ಕೆ 'ಭರವಸೆ'ಯನ್ನು ಹಿಡಿದುಕೊಂಡೆವು, ಹಿಂದಿಯ ಭರೋಸಾದ ನೆಂಟ ಅದು. ಅದನ್ನೀಗ ರಾಜಕಾರಣಿಗಳ ಭಾಷಣಕ್ಕೆ ಬಿಟ್ಟುಕೊಟ್ಟು ಕೂತಿದ್ದೇವೆ.

ಅಚ್ಚಗನ್ನಡದ ಪದಗಳನ್ನು ನೋಡಿದರೆ ಚೆಂದ ಉಂಟು. ಕಂಗೆಡು, ಅಂದರೆ ಕಣ್ಣು ಕೆಡು. ಎದೆಗುಂದು, ಅಂದರೆ ಎದೆ ಕುಂದು. ಹೈಸ್ಕೂಲಿನಲ್ಲಿ ಆದೇಶ ಸಂಧಿಗೆ ಉದಾಹರಣೆ ಬರೆದದ್ದು ನೆನಪಿದೆಯಾ? ಕಕಾರಕ್ಕೆ ಗಕಾರ ಆದೇಶ. ಅವತ್ತು ಮಾರ್ಕಿಗಾಗಿ ಬಿಡಿಸಿದ್ದೆ, ಅರ್ಥ ಈಗ ಆಗುತ್ತಿದೆ. ಮತ್ತೆ ಕೈಚೆಲ್ಲು. ಕಣ್ಣು, ಎದೆ, ಕೈ. ನಮ್ಮ ಹಿರಿಯರಿಗೆ ಆಸೆ ಎಂಬುದು ಮನಸ್ಸಿನೊಳಗಿನ ಭಾವನೆ ಆಗಿರಲಿಲ್ಲವೋ ಏನೋ. ಅದು ಮೈಯ ಕೆಲಸ. ಮೊದಲು ಕಣ್ಣಿಗೆ ದಾರಿ ಕಾಣದೆ ಹೋಗುತ್ತದೆ, ಆಮೇಲೆ ಎದೆ ಇಳಿಯುತ್ತದೆ, ಕಟ್ಟಕಡೆಗೆ ಕೈ ಕೆಳಗೆ ಬೀಳುತ್ತದೆ.

ದಕ್ಷಿಣ ಕನ್ನಡದವರಿಗೆ ಮಾತ್ರ ಗೊತ್ತಿರುವ ಇನ್ನೊಂದು ಸಂಕಟ 'ಬೇಜಾರು'. ಬೆಂಗಳೂರಿನವರಿಗೆ ಇದು ಬೋರ್ ಹೊಡೆಯುವುದು. ನಮಗೆ ದುಃಖ. ಕಾಲೇಜಿನಲ್ಲಿ ಗೆಳೆಯನೊಬ್ಬನ ಅಜ್ಜ ತೀರಿಹೋದಾಗ "ಕೇಳಿ ತುಂಬ ಬೇಜಾರಾಯ್ತು" ಅಂದೆ. ಅವನು ನನ್ನ ಮುಖವನ್ನೇ ನೋಡಿದ! ತುಳುವಿನಲ್ಲೂ ಅಷ್ಟೆ, ಸಮಾಧಾನ ಹೇಳುವಾಗ "ಬೇಜಾರ್ ಮಲ್ಪೊಡ್ಚಿ" ಅನ್ನುತ್ತೇವೆ.

ಕೊನೆಯದಾಗಿ, ಪತ್ರಿಕೆಗಳ ಒಂದು ಸಿದ್ಧವಾಕ್ಯ. ಯಾರಾದರೂ ಜೀವ ಕಳೆದುಕೊಂಡರೆ "ಜೀವನದಲ್ಲಿ ಜಿಗುಪ್ಸೆಗೊಂಡು" ಅಂತ ಬರೆಯುತ್ತಾರೆ. ಜುಗುಪ್ಸೆ ಎಂದರೆ ಹೇಸಿಗೆ. ಭರತನ ನಾಟ್ಯಶಾಸ್ತ್ರದಲ್ಲಿ ಅದು ಬೀಭತ್ಸ ರಸದ ಸ್ಥಾಯಿಭಾವ. ಆಸೆ ಹೋದವನಿಗೆ ಜೀವನದ ಮೇಲೆ ಹೇಸಿಗೆ ಬಂದಿತ್ತು ಅಂತ ನಿರ್ಧರಿಸಲು ನಾವು ಯಾರು? ದಾರಿ ಕಾಣದವನನ್ನು ಹೇಸಿಗೆ ಪಟ್ಟವನು ಮಾಡಿಬಿಟ್ಟೆವು, ಒಂದು ಪದದಲ್ಲಿ.

ಪದ ಹೀಗೂ ಕೆಲಸ ಮಾಡುತ್ತದೆ ಅಂತ ಹೊಳೆದಾಗಲೇ ನನಗೆ ಅಜ್ಜಿಯ ಬೈಗುಳ ನೆನಪಾದದ್ದು.

ಅಜ್ಜಿಯ ಬೈಗುಳ

ನಾವು ಮಕ್ಕಳು ಬೇಸಿಗೆ ರಜೆಯಲ್ಲಿ ಒಟ್ಟಾಗಿ ಚಾವಡಿಯಲ್ಲಿ ಗಲಾಟೆ ಎಬ್ಬಿಸಿದರೆ ಅಜ್ಜಿ ಒಳಗಿನಿಂದ ಕೂಗುತ್ತಿದ್ದರು, "ಎಂತದು ಇದು, ಕಲ್ಯಾಣಪ್ಪನ ಕಾಟಕಾಯಿ!" ಈ ಕಲ್ಯಾಣಪ್ಪ ಯಾವುದೋ ಕಳ್ಳನೋ ಭೂತವೋ ಇರಬೇಕು ಅಂತ ನಾನು ಅಂದುಕೊಂಡಿದ್ದೆ. ಕಾಟ ಕೊಡುವವನು. ಶಾಲೆಯ ಇತಿಹಾಸ ಪುಸ್ತಕದಲ್ಲಿ 1857 ಇತ್ತು, ಪ್ಲಾಸಿ ಇತ್ತು, ಕಲ್ಯಾಣಪ್ಪ ಇದ್ದ ನೆನಪಿಲ್ಲ. ನಮ್ಮ ಮನೆಯ ಮುಂದಿನ ದಾರಿಯಲ್ಲೇ ಆ ದಂಡು ಹೋಗಿರಬಹುದು ಎಂದು ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ.

ಕತೆ ಹೀಗಿದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಜಿಲ್ಲೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಆದರೆ ಅಮರ ಸುಳ್ಯ, ಪಂಜ, ಬೆಳ್ಳಾರೆಯ ಸೀಮೆ ಕೊಡಗಿನ ಹಾಲೇರಿ ಅರಸರ ಕೈಯಲ್ಲಿತ್ತು. 1834ರ ಏಪ್ರಿಲಿನಲ್ಲಿ ಕಂಪನಿ ಚಿಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿತು. ಅರಸನನ್ನು ಕೊಡಗಿನಿಂದ ಹೊರಗೆ ಕಳಿಸಿದರು, ಮುಂದೆ ಆತ ಕಾಶಿಯಲ್ಲಿದ್ದ. ನಮ್ಮ ಸೀಮೆಯನ್ನು ಕೊಡಗಿನಿಂದ ಕಿತ್ತು ಕೆನರಾಕ್ಕೆ ಹೊಲಿದರು.

ನಕ್ಷೆಯ ಮೇಲೆ ಸಣ್ಣ ಬದಲಾವಣೆ. ಆದರೆ ಕೊಡಗಿನ ಅರಸರ ಕಾಲದಲ್ಲಿ ಕಂದಾಯವನ್ನು ಬೆಳೆದ ಬೆಳೆಯಲ್ಲೇ ಕೊಡಬಹುದಿತ್ತು. ಕಂಪನಿಗೆ ನಗದೇ ಬೇಕು. ಇದರಲ್ಲೇನು ಮಹಾ ವ್ಯತ್ಯಾಸ ಅಂತ ನನಗೂ ಮೊದಲು ಅನಿಸಿತ್ತು. ಸ್ವಲ್ಪ ಯೋಚಿಸಿ ನೋಡಿ. ಬೆಳೆಯಲ್ಲಿ ಕೊಡುವಾಗ ರೇಟು ಬಿದ್ದರೆ ಆ ನಷ್ಟ ಅರಸನದ್ದೂ ಹೌದು. ನಗದಾದರೆ ರೇಟು ಬಿದ್ದ ಪೂರ್ತಿ ನಷ್ಟ ರೈತನದ್ದು. ಕಂದಾಯದ ಗಡುವಿಗೆ ಎಲ್ಲರೂ ಒಟ್ಟಿಗೇ ಭತ್ತ ಮಾರಲು ಹೋಗುತ್ತಾರೆ, ಆಗ ರೇಟು ಇನ್ನೂ ಬೀಳುತ್ತದೆ. ಮತ್ತೆ ಸಾಲ ಕೊಡುವವನ ಬಾಗಿಲಿಗೆ ಹೋಗಲೇಬೇಕು. ಅದರ ಮೇಲೆ ಉಪ್ಪು, ಹೊಗೆಸೊಪ್ಪು ಎರಡೂ ಸರಕಾರದ ಏಕಸ್ವಾಮ್ಯ.

ಜನ ಮೊದಲೇ ಕತ್ತಿ ಹಿಡಿಯಲಿಲ್ಲ ಎಂಬುದನ್ನೂ ಗಮನಿಸಬೇಕು. 1830-31ರಲ್ಲೇ ಕೆನರಾದ ರೈತರು ಅಲ್ಲಲ್ಲಿ ಕೂಟ ಸೇರಿ, ಕಂದಾಯ ಇಳಿಸಿ ಅಂತ ಅರ್ಜಿ ಬರೆದು, ಕಂದಾಯ ಕಟ್ಟದೆ ಕೂತಿದ್ದರು. 'ಕೂಟ ದಂಗೆ' ಅಂತಲೇ ಅದಕ್ಕೆ ಹೆಸರು. ಅರ್ಜಿ ಬರೆಯುವವನಿಗೆ ಇನ್ನೂ ಆಸೆ ಇರುತ್ತದೆ. ಓದುವವರಿದ್ದಾರೆ ಎಂಬ ನಂಬಿಕೆ ಇಲ್ಲದೆ ಯಾರೂ ಅರ್ಜಿ ಬರೆಯುವುದಿಲ್ಲವಲ್ಲ.

ಒಬ್ಬ ಹೋದರೆ ಇನ್ನೊಬ್ಬ

ಅರಸ ಹೋದ ಮೇಲೆ ಕೊಡಗಿನಲ್ಲೂ ಕೆಳಗಿನ ಸೀಮೆಯಲ್ಲೂ ಒಂದು ಗುಸುಗುಸು ಶುರುವಾಯಿತು. ಹಾಲೇರಿ ಮನೆತನದ ಕುಡಿಯೊಂದು ಜಂಗಮನ ವೇಷದಲ್ಲಿ ತಿರುಗುತ್ತಿದೆ, ಮತ್ತೆ ಅರಸನಾಗುತ್ತದೆ ಅಂತ. ಮೊದಲು ಬಂದವನು ಸ್ವಾಮಿ ಅಪರಂಪಾರ. ಅವನನ್ನು ಕಂಪನಿ ಹಿಡಿಯಿತು. ಆಮೇಲೆ ಕಲ್ಯಾಣಸ್ವಾಮಿ. ಅವನನ್ನೂ ಹಿಡಿಯಿತು. ಆಗ ಪುಟ್ಟಬಸಪ್ಪ ಎಂಬವನನ್ನು ಮುಂದೆ ನಿಲ್ಲಿಸಿ, ಇವನೇ ಕಲ್ಯಾಣಸ್ವಾಮಿ ಅಂದರು.

ಇದನ್ನು ಮೊದಲ ಸಲ ಓದಿದಾಗ ನಕ್ಕಿದ್ದೆ, ಯಕ್ಷಗಾನದ ವೇಷ ಕಟ್ಟಿದ ಹಾಗೆ ಇದೆಯಲ್ಲ ಅಂತ. ಈಗ ನಗು ಬರುವುದಿಲ್ಲ. ಆಸೆಗೆ ಒಂದು ಮುಖ ಬೇಕಿತ್ತು. ಮುಖವನ್ನು ಕಂಪನಿ ಜೈಲಿಗೆ ಹಾಕಿತು, ಜನ ಅದೇ ಹೆಸರಿಗೆ ಇನ್ನೊಂದು ಮುಖ ಹುಡುಕಿದರು. ಹಿಂದೆ ನಿಂತು ಇದನ್ನೆಲ್ಲ ಕಟ್ಟಿದವರಲ್ಲಿ ಮುಖ್ಯನಾದವನು ಸುಳ್ಯ ಸೀಮೆಯ ಕೆದಂಬಾಡಿ ರಾಮಯ್ಯ ಗೌಡ. ಜೊತೆಗೆ ಕುಡೆಕಲ್ಲು ಪುಟ್ಟ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ, ಹುಲಿಕಡಿದ ನಂಜಯ್ಯ, ನಂದಾವರದ ಬಂಗರಸ. ಗೌಡರು ಮಾತ್ರ ಅಲ್ಲ, ಬೇರೆ ಬೇರೆ ಜಾತಿಯ ರೈತರು ಸೇರಿದ್ದರು.

1837ರ ಮಾರ್ಚ್ 30ರಂದು ಸುಳ್ಯದ ಕಡೆಯಿಂದ ದಂಡು ಹೊರಟಿತು. ಬೆಳ್ಳಾರೆಯ ಖಜಾನೆ ಕೈಗೆ ಬಂತು. ಕೆನರಾದ ಕಲೆಕ್ಟರ್ ಲೆವಿನ್ ಸಿಪಾಯಿಗಳನ್ನು ಕಟ್ಟಿಕೊಂಡು ಪುತ್ತೂರಿನವರೆಗೆ ಬಂದವನು ನಿಲ್ಲಲಾಗದೆ ಮಂಗಳೂರಿಗೆ ಹಿಂದೆ ಸರಿದ. ದಂಡು ಪಾಣೆಮಂಗಳೂರು, ಬಂಟ್ವಾಳದ ದಾರಿಯಾಗಿ ಬೆಳೆಯುತ್ತಾ ಹೋಯಿತು. ಏಪ್ರಿಲ್ 5ರಂದು ಮಂಗಳೂರು ಹೊಕ್ಕರು, ಜೈಲಿನ ಬಾಗಿಲು ತೆಗೆದರು, ಗುಡ್ಡದ ಮೇಲಿನ ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಏರಿಸಿದರು. ಅದೇ ಈಗಿನ ಬಾವುಟಗುಡ್ಡ. ಕಂಪನಿಯ ಅಧಿಕಾರಿಗಳು ಹಡಗು ಹತ್ತಿ ಕಣ್ಣೂರಿನ ಕಡೆ ಹೋದರು.

ಪುತ್ತೂರು-ಮಂಗಳೂರು ಸುಮಾರು 50 ಕಿಲೋಮೀಟರು. ಈಗ ಬಸ್ಸಿನಲ್ಲಿ ಒಂದೂವರೆ ಗಂಟೆ. ಅವರು ಸುಳ್ಯದಿಂದ ನಡೆದು, ಕಾದಾಡಿ, ಒಂದು ವಾರದಲ್ಲಿ ತಲುಪಿದರು. ಆ ವಾರ ಅವರ ಕಣ್ಣು, ಎದೆ, ಕೈ ಮೂರೂ ಸರಿಯಾಗಿದ್ದವು!

ಮಂಗಳೂರು 13 ದಿನ ಅವರ ಕೈಯಲ್ಲಿತ್ತು ಎಂಬುದು ನಮ್ಮ ಕಡೆ ರೂಢಿಯಲ್ಲಿರುವ ಲೆಕ್ಕ. ಆಮೇಲೆ ಕಣ್ಣೂರು, ತಲಶ್ಶೇರಿ ಕಡೆಯಿಂದ ಕಂಪನಿಯ ಸೈನ್ಯ ಸಮುದ್ರದಾರಿಯಲ್ಲಿ ಬಂತು. ಬಂದೂಕು, ಫಿರಂಗಿ, ಕವಾಯತು ಮಾಡಿದ ಸಿಪಾಯಿಗಳು. ಈ ಕಡೆ ಕತ್ತಿ, ಕೋವಿ, ದೊಣ್ಣೆ ಹಿಡಿದ ರೈತರು.

ಆದರೆ ಫಿರಂಗಿಯೊಂದೇ ಕಾರಣ ಅಂತ ನನಗೆ ಅನಿಸುವುದಿಲ್ಲ. ಘಟ್ಟದ ಮೇಲಿನ ಕೊಡಗು ತಮ್ಮ ಜೊತೆ ಏಳುತ್ತದೆ ಅಂತ ಇವರು ಆಸೆ ಇಟ್ಟುಕೊಂಡಿದ್ದರು. ಅಲ್ಲಿ ದಿವಾನ್ ಚೆಪ್ಪುಡಿರ ಪೊನ್ನಪ್ಪ ಮೊದಲಾದವರು ಕಂಪನಿಯ ಪರ ನಿಂತರು. ದಂಗೆ ಅಡಗಿಸಲು ನೆರವಾದವರಿಗೆ ಕಂಪನಿ ಚಿನ್ನದ, ಬೆಳ್ಳಿಯ ಪದಕ ಮಾಡಿಸಿ ಕೊಟ್ಟಿತು, ಅದರ ಒಂದು ಬದಿಯಲ್ಲಿ ಕನ್ನಡದಲ್ಲೇ ಬರಹ ಕೆತ್ತಿಸಿ. ಮೇಲಿನಿಂದ ಬರಬೇಕಾದ ಸಹಾಯ ಬರಲಿಲ್ಲ, ಸಮುದ್ರದಿಂದ ಬರಬಾರದ್ದು ಬಂತು. ಎರಡೂ 'ದಿಕ್ಕು' ಕೆಟ್ಟವು ಅಂತ ಹೇಳಬೇಕು.

ದಂಡು ಚೆದುರಿತು. ಪುಟ್ಟಬಸಪ್ಪ, ಬಂಗರಸ ಮೊದಲಾದವರನ್ನು ಹಿಡಿದು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡನನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೆ ಹಾಕಿದರು. 1857ಕ್ಕೆ ಇನ್ನೂ 20 ವರ್ಷ ಇತ್ತು.

ಸೋತ ಮೇಲೆ ಉಳಿದ ಪದ

ಗಲ್ಲಿಗೇರಿದವರ ಕತೆ ಇಷ್ಟು. ನನಗೆ ಕಾಡುವುದು ತಪ್ಪಿಸಿಕೊಂಡು ಮನೆಗೆ ಬಂದವರ ಕತೆ. ಮಾರ್ಚಿಯಲ್ಲಿ ಕತ್ತಿ ಹಿಡಿದು ಹೋದವನು ಮೇ ತಿಂಗಳಲ್ಲಿ ಕಾಡುದಾರಿ ಹಿಡಿದು ಮನೆಗೆ ಬಂದಿರುತ್ತಾನೆ. ಮಳೆ ಹತ್ತಿರ ಬಂದಿರುತ್ತದೆ, ಗದ್ದೆ ಕಾಯುತ್ತಿರುತ್ತದೆ. ಕಂದಾಯ ಅದೇ, ನಗದಲ್ಲೇ. ಊರಿಗೆ ಬಂದ ಅಧಿಕಾರಿ "ನೀನು ಕಲ್ಯಾಣಪ್ಪನ ಜೊತೆ ಹೋಗಿದ್ದೆಯಾ?" ಅಂತ ಕೇಳುತ್ತಾನೆ. ಏನು ಹೇಳಬೇಕು? "ಅಯ್ಯೋ ಅದೊಂದು ಕಾಟಕಾಯಿ, ನನಗೂ ಅದಕ್ಕೂ ಸಂಬಂಧ ಇಲ್ಲ ಬುದ್ಧೀ" ಅಂತ ಹೇಳಿರಬೇಕು. ಇದು ನನ್ನ ಊಹೆ, ದಾಖಲೆ ಅಲ್ಲ. ಆದರೆ ಜನರ ಬಾಯಲ್ಲಿ ಉಳಿದ ಹೆಸರು ಮಾತ್ರ 'ಕಲ್ಯಾಣಪ್ಪನ ಕಾಟಕಾಯಿ' ಅಂತ. ಕಾಟಕಾಯಿ ಅಂದರೆ ಲೂಟಿ, ಉಪದ್ರ, ಗಲಭೆ.

ದಂಡು ಹೋದ ದಾರಿಯಲ್ಲಿ ಲೂಟಿ ನಡೆಯಲೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸಾವಿರಾರು ಜನ ಹೊರಟಾಗ ಎಲ್ಲರ ಉದ್ದೇಶವೂ ಒಂದೇ ಇರುವುದಿಲ್ಲ. ಮನೆ ಕಳೆದುಕೊಂಡವರಿಗೆ ಅದು ಕಾಟಕಾಯಿಯೇ. ಆದರೆ ಹೋದವರ ಮೊಮ್ಮಕ್ಕಳೂ ಅದೇ ಪದ ಬಳಸಿದರು, ಮರಿಮಕ್ಕಳಿಗೆ ಬೈಗುಳವಾಗಿ ಕೊಟ್ಟರು. ಆಸೆ ಕಳೆದುಕೊಂಡವರು ಮೊದಲು ಕಳೆದುಕೊಳ್ಳುವುದು ತಮ್ಮ ಆಸೆಯ ಹೆಸರನ್ನು ಅಂತ ಕಾಣುತ್ತದೆ.

ಹೋಲಿಕೆಗೆ ಕಯ್ಯೂರನ್ನು ನೋಡಿ. ಈಗ ಅದು ಕಾಸರಗೋಡು ಜಿಲ್ಲೆಯಲ್ಲಿದೆ, ಆಗ ನಮ್ಮದೇ ದಕ್ಷಿಣ ಕನ್ನಡ. 1941ರ ಮಾರ್ಚಿಯಲ್ಲಿ ರೈತರ ಹೋರಾಟ, 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರಿಗೆ ಗಲ್ಲು. ಅವರೂ ಸೋತವರೇ. ಆದರೆ ಅವರ ಹಿಂದೆ ಒಂದು ಸಂಘಟನೆ ಇತ್ತು, ಅಚ್ಚುಯಂತ್ರ ಇತ್ತು. ಹಾಗಾಗಿ ಅವರು ಹುತಾತ್ಮರಾದರು. 1837ರವರಿಗೆ ಅದು ಯಾವುದೂ ಇರಲಿಲ್ಲ. ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟದ್ದೇ 1843ರಲ್ಲಿ. ಅದನ್ನು ತಂದ ಹರ್ಮನ್ ಮೋಗ್ಲಿಂಗ್ 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕದಲ್ಲಿ ಈ ದಂಗೆಯ ಕತೆ ಬರುತ್ತದೆ. ಸೋತವರು ಬರೆದಿಟ್ಟ ಕತೆ ನನಗೆ ಎಲ್ಲೂ ಸಿಗಲಿಲ್ಲ.

ಕಯ್ಯೂರನ್ನೂ ಕಲ್ಯಾಣಪ್ಪನನ್ನೂ ಕಾದಂಬರಿ ಮಾಡಿದವರು ಒಬ್ಬರೇ, ನಿರಂಜನ. 'ಚಿರಸ್ಮರಣೆ' ಕಯ್ಯೂರಿನದ್ದು, 'ಕಲ್ಯಾಣಸ್ವಾಮಿ' 1837ರದ್ದು. ಅವರು ಹುಟ್ಟಿದ್ದು ಸುಬ್ರಹ್ಮಣ್ಯದ ಹತ್ತಿರದ ಕುಳ್ಕುಂದದಲ್ಲಿ, ದಂಗೆ ಎದ್ದ ಸೀಮೆಯಲ್ಲೇ. ಆಮೇಲೆ ಎನ್. ಶ್ಯಾಮ ಭಟ್ ಅವರಂಥ ಇತಿಹಾಸಕಾರರು ಕಂಪನಿಯ ಕಡತಗಳನ್ನೇ ಹಿಡಿದು, ಇದು ಬರೀ ಲೂಟಿ ಅಲ್ಲ, ಕಂದಾಯದ ಹೊರೆಗೆ ಬಂದ ಪ್ರತಿಕ್ರಿಯೆ ಅಂತ ತೋರಿಸಿದರು. ಕಾಟಕಾಯಿ ನಿಧಾನಕ್ಕೆ ದಂಗೆಯಾಯಿತು, ರೈತ ಬಂಡಾಯವಾಯಿತು, ಸ್ವಾತಂತ್ರ್ಯ ಸಮರವಾಯಿತು. 2022ರ ನವೆಂಬರಿನಲ್ಲಿ ಬಾವುಟಗುಡ್ಡದಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತಿತು. ನಡುವೆ 185 ವರ್ಷ!

ಸ್ವಾತಂತ್ರ್ಯ ಸಮರ ಅನ್ನುವುದೂ ನಾವು ಈಗಿನವರು ತೊಡಿಸಿದ ಅಂಗಿಯೇ. ಅವರಿಗೆ ಬೇಕಾಗಿದ್ದದ್ದು ಹಳೆಯ ಅರಸ ಮತ್ತು ಹಗುರವಾದ ಕಂದಾಯ. ಆದರೆ ಕಾಟಕಾಯಿಗಿಂತ ಈ ಅಂಗಿ ಅವರ ಅಳತೆಗೆ ಹತ್ತಿರ ಅಂತ ನನ್ನ ಅನಿಸಿಕೆ.

ತೋಟದ ಇತಿಹಾಸ

ಇಷ್ಟು ಓದಿದ ಮೇಲೆ ಮತ್ತೆ ಅಪ್ಪನ ತೋಟಕ್ಕೆ ಬರುತ್ತೇನೆ. ಯಾಕೆಂದರೆ ನಮ್ಮ ಸೀಮೆ ಆಸೆ ಕಳೆದುಕೊಂಡದ್ದು ಒಂದೇ ಸಲ ಅಲ್ಲ, ಮತ್ತು ಪ್ರತಿ ಸಲವೂ ಕತೆ ಗಲ್ಲಿನಲ್ಲೇ ಮುಗಿದದ್ದೂ ಅಲ್ಲ.

ಅಡಿಕೆಗೆ ಕೊಳೆರೋಗ ಇದೆಯಲ್ಲ, ನಮ್ಮಲ್ಲಿ ಮಹಾಳಿ ಅನ್ನುತ್ತೇವೆ. ನೂರಿಪ್ಪತ್ತು ವರ್ಷದ ಹಿಂದೆ ಅದಕ್ಕೆ ನಂಬಬಹುದಾದ ಮದ್ದು ಇರಲಿಲ್ಲ. ಮಳೆಗಾಲದಲ್ಲಿ ಎಳೆ ಅಡಿಕೆ ಉದುರಿ ಬೀಳುವುದನ್ನು ನೋಡುತ್ತಾ ನಿಲ್ಲುವುದು, ಅಷ್ಟೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗದ ಶಿಲೀಂಧ್ರವನ್ನು ಅಧ್ಯಯನ ಮಾಡಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಿಂದ ಬಳಕೆಯಲ್ಲಿದ್ದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಹೊಡೆಸಿದರು. ಮೈಲುತುತ್ತು, ಸುಣ್ಣ, ನೀರು. ಇವತ್ತಿಗೂ ನಾವು 'ಮದ್ದು ಬಿಡುವುದು' ಅಂದರೆ ಅದೇ. ಬೋರ್ಡೋ ಎಲ್ಲಿ, ಬೆಳ್ಳಾರೆ ಎಲ್ಲಿ!

1970ರ ದಶಕದ ಶುರುವಿನಲ್ಲಿ ಅಡಿಕೆಯ ರೇಟು ನೆಲ ಕಚ್ಚಿತು. ಕೊಳ್ಳುವವರು ಹೇಳಿದ್ದೇ ರೇಟು. ಅಪ್ಪ ಆಗ ಇನ್ನೂ ಹುಟ್ಟಿರಲಿಲ್ಲ, ಅಜ್ಜ ಕೊಯಿದ ಅಡಿಕೆ ಅಟ್ಟದಲ್ಲೇ ಉಳಿದಿತ್ತಂತೆ. ಆಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಬೆಳೆಗಾರರು ಸೇರಿ 1973ರ ಜುಲೈ 11ರಂದು ಕ್ಯಾಂಪ್ಕೋ ಕಟ್ಟಿದರು, ಕರ್ನಾಟಕ-ಕೇರಳ ಎರಡಕ್ಕೂ ಸೇರಿದ ಸಹಕಾರಿ ಸಂಸ್ಥೆ. ರೈತರ ಅಡಿಕೆಯನ್ನು ರೈತರದ್ದೇ ಸಂಸ್ಥೆ ಕೊಳ್ಳುವುದು. 1837ರ ಕೂಟಕ್ಕೆ ಗೊತ್ತಿಲ್ಲದ ಒಂದು ಉಪಾಯ ಈ ಕೂಟಕ್ಕೆ ಗೊತ್ತಿತ್ತು. ಕೂಟ ಚೆದುರದ ಹಾಗೆ ಅದಕ್ಕೆ ಷೇರು, ಲೆಕ್ಕ, ಗೋದಾಮು ಮಾಡಿಟ್ಟರು.

ಕೋಕೋ ಕತೆ ಇನ್ನೂ ಸ್ವಾರಸ್ಯ. 70ರ ದಶಕದಲ್ಲಿ ಅಡಿಕೆ ಮರದ ನಡುವೆ ಕೋಕೋ ನೆಡಿ, ನಾವು ಕೊಳ್ಳುತ್ತೇವೆ ಅಂತ ಉತ್ತೇಜನ ಬಂತು. ನೆಟ್ಟರು. ಗಿಡ ಫಲ ಕೊಡುವ ಹೊತ್ತಿಗೆ, ದಶಕದ ಕೊನೆಯಲ್ಲಿ ಮಾರುಕಟ್ಟೆ ಕುಸಿಯಿತು, ಕೊಳ್ಳುವವರು ಹಿಂದೆ ಸರಿದರು. ಎಷ್ಟೋ ಮಂದಿ ಗಿಡ ಕಡಿದರು. ಆಗ ಕ್ಯಾಂಪ್ಕೋ ಕೋಕೋ ಕೊಳ್ಳಲು ಇಳಿಯಿತು, ಸಾಲದೆ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗ್ ಬಂದು ಉದ್ಘಾಟಿಸಿದರು. ನಾನು ಶಾಲೆಗೆ ಹೋಗುವಾಗ ತಿಂದ ಚಾಕೊಲೇಟು ಯಾರೋ ಕಡಿಯದೆ ಬಿಟ್ಟ ಗಿಡದ್ದು.

ಹಳದಿ ಎಲೆ ರೋಗ ಮಾತ್ರ ಈ ಸಾಲಿಗೆ ಇನ್ನೂ ಸೇರಿಲ್ಲ. ಕೇರಳದಲ್ಲಿ 1914ರಲ್ಲೇ ಕಂಡದ್ದು, ನಮ್ಮಲ್ಲಿ ಸಂಪಾಜೆ, ಅರಂತೋಡು ಕಡೆ ದಶಕಗಳಿಂದ ತೋಟಗಳನ್ನು ತಿಂದಿದೆ. ಕಾರಣ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ, ಹರಡುವುದು ಒಂದು ಜಿಗಿಹುಳ. ಮದ್ದು ಇಲ್ಲ. ಕೊಳೆರೋಗದ ಹಾಗೆ ಒಂದು ಮಳೆಗಾಲದಲ್ಲಿ ಮುಗಿಯುವುದೂ ಇಲ್ಲ. ಎಲೆ ತುದಿಯಿಂದ ಹಳದಿಯಾಗುತ್ತಾ, ಫಸಲು ವರ್ಷ ವರ್ಷ ಇಳಿಯುತ್ತಾ, ಮರ ನಿಂತಲ್ಲೇ ಸಣ್ಣದಾಗುತ್ತದೆ. ಅದಕ್ಕೇ ಅಪ್ಪನ ದನಿಯಲ್ಲಿ ಅಳು ಇರಲಿಲ್ಲ. ಒಂದೇ ದಿನ ಬಿದ್ದಿದ್ದರೆ ಅಳಬಹುದಿತ್ತು.

ಕೆಳಗಿನ ತೋಟ

ಹೋದ ವಾರ ಎರಡು ದಿನ ರಜೆ ಹಾಕಿ ಊರಿಗೆ ಹೋದೆ. ಕೆಳಗಿನ ತೋಟ ತೆಗೆದು ರಬ್ಬರೋ ತಾಳೆಯೋ ಹಾಕುವುದಾ, ಕೊಡುವುದಾ ಅಂತ ಅಪ್ಪ-ಅಮ್ಮನ ನಡುವೆ ಮಾತು ಆಗಿದೆಯಂತೆ. ನನ್ನನ್ನು ಕೇಳಿದರು. ನಾನೇನು ಹೇಳಲಿ? ವಾಪಸು ಬಂದು ತೋಟ ಮಾಡುತ್ತೇನೆ ಅಂತ ಹೇಳುವ ಧೈರ್ಯ ನನಗಿಲ್ಲ. ಕೊಟ್ಟುಬಿಡಿ ಅಂತ ಹೇಳುವ ಬಾಯಿಯೂ ಇಲ್ಲ. ಸುಮ್ಮನೆ ತಲೆ ತಗ್ಗಿಸಿ ಕೂತಿದ್ದೆ.

ಸಂಜೆ ಅಪ್ಪನ ಹಿಂದೆ ಕೆಳಗಿನ ತೋಟಕ್ಕೆ ಇಳಿದೆ. ಬಿಟ್ಟುಬಿಟ್ಟ ತೋಟ ಹೇಗಿರುತ್ತದೆ ಅಂತ ನಿಮಗೆ ಗೊತ್ತಿರಬಹುದು, ಕಾಲಿಡಲು ಜಾಗ ಇರುವುದಿಲ್ಲ. ಇಲ್ಲಿ ಹುಲ್ಲು ಸವರಿತ್ತು! ಕಣಿಯಲ್ಲಿ ನೀರು ನಿಂತಿರಲಿಲ್ಲ.

"ಬಿಟ್ಟದ್ದು ಅಂದ್ರಿ ಅಲ್ವಾ ಅಪ್ಪ?"

"ಬಿಟ್ಟದ್ದೇ. ಆದ್ರೂ ಬರ್ತೇನೆ. ಅಭ್ಯಾಸ."

ಹಳದಿ ಮರಗಳ ನಡುವೆ ಐದು ಮರ ಹಸಿರಾಗಿ ನಿಂತಿದ್ದವು. ಐದಕ್ಕೂ ಅಪ್ಪ ಹಳೆಯ ಕೆಂಪು ಬಟ್ಟೆಯ ಚೂರು ಕಟ್ಟಿದ್ದರು. ರೋಗ ಇರುವ ತೋಟದಲ್ಲಿ ರೋಗ ತಾಗದೆ ಉಳಿದ ಮರಗಳನ್ನು ಹುಡುಕಿ, ಅವುಗಳಿಂದ ಹೊಸ ಗಿಡ ಮಾಡುವ ಪ್ರಯತ್ನವನ್ನು ಕಾಸರಗೋಡಿನ ಸಿಪಿಸಿಆರ್‌ಐಯವರು ಮಾಡುತ್ತಿದ್ದಾರೆ, ವಿಟ್ಲದಲ್ಲಿ ಅವರ ಕೇಂದ್ರ ಇದೆ. ಅದನ್ನು ಅಪ್ಪ ಎಲ್ಲೋ ಕೇಳಿಕೊಂಡು ಬಂದಿದ್ದಾರೆ.

"ಅವರಿಗೆ ಹೇಳಿದ್ರಾ?"

"ಇಲ್ಲ. ಇನ್ನೊಂದು ಮಳೆಗಾಲ ನೋಡುವ. ಆಗ್ಲೂ ಹಸಿರಿದ್ರೆ ಹೇಳುವ. ಈಗ್ಲೇ ಹೇಳಿ ಮತ್ತೆ ಹಳದಿ ಆದ್ರೆ ಬೇಜಾರು."

ಇದಕ್ಕೆ ಯಾವ ಪದ? ಕಿಟೆಲ್ ನಿಘಂಟಿನಲ್ಲಿ ನನಗೆ ಸಿಗಲಿಲ್ಲ. ಕೈಚೆಲ್ಲಿದವನು ಬಟ್ಟೆ ಕಟ್ಟುವುದಿಲ್ಲ, ಭರವಸೆ ಇದ್ದವನು ಇನ್ನೊಂದು ವರ್ಷ ಕಾಯದೆ ಇವತ್ತೇ ಫೋನ್ ಮಾಡುತ್ತಾನೆ. ಎರಡರ ನಡುವೆ ಎಲ್ಲೋ ಒಂದು ಜಾಗ ಇದೆ, 1837ರ ಮೇ ತಿಂಗಳಲ್ಲಿ ಮನೆಗೆ ಬಂದು ಗದ್ದೆಗೆ ಇಳಿದವರೂ ಅಲ್ಲೇ ನಿಂತಿದ್ದಿರಬೇಕು. ಅವರು ಅದಕ್ಕೆ ಹೆಸರಿಡಲಿಲ್ಲ, ಅಥವಾ ಇಟ್ಟ ಹೆಸರು ನಮ್ಮವರೆಗೆ ಬರಲಿಲ್ಲ.

ನಿಮ್ಮ ಊರಿನಲ್ಲಿ, ನಿಮ್ಮ ಮನೆಮಾತಿನಲ್ಲಿ, ಅರೆಭಾಷೆಯಲ್ಲೋ ಹವ್ಯಕದಲ್ಲೋ ಕುಂದಾಪುರ ಕನ್ನಡದಲ್ಲೋ ಧಾರವಾಡದ ಕಡೆಯೋ ಇದಕ್ಕೊಂದು ಪದ ಇದ್ದರೆ ದಯವಿಟ್ಟು ತಿಳಿಸಿ. ಅಪ್ಪನಿಗೆ ಫೋನ್ ಮಾಡಿ ಹೇಳಬೇಕು.

ಮಳೆ ಮುಗಿದ ಮೇಲೆ ಐದು ಮರ ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.